ಬೀಗರಿಗೆ ತೋರಿಸುವ ನಾಗಪುರ

ಹೊರನಾಡಿನಲ್ಲಿ ಸಂಸಾರ ಹೂಡಿದವರಿಗೆಲ್ಲ ವರ್ಷಕ್ಕೊಮ್ಮೆಯಾದರೂ ಒದಗಿ ಬರುವ ಕರ್ತವ್ಯವೊಂದಿದೆ. ಊರಿನಿಂದ ಬೀಗರು-ಬಿಜ್ಜರು ಬರುತ್ತಾರೆ. ಅವರಿಗೆ ನಮ್ಮ ಊರನ್ನು, ಅಂದರೆ ಈಗ ನಮ್ಮದಾಗಿರುವ ಈ ನಾಗಪುರವನ್ನು ತೋರಿಸಬೇಕು. ಬೇಸಿಗೆಯಲ್ಲಿ ಯಾರೂ ಬರುವುದಿಲ್ಲ, ಬರಲೂಬಾರದು. ದೀಪಾವಳಿ ಕಳೆದು ಪೇಟೆಯಲ್ಲಿ ಸಂತ್ರಾ ಬುಟ್ಟಿಗಳು ಕಾಣತೊಡಗಿದ ಮೇಲೆ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಆಗ ಒಂದು ಆಟೋ ಗೊತ್ತು ಮಾಡಿ ನಾವೆಲ್ಲರೂ ತೋರಿಸುವುದು ಅದೇ ದಾರಿಯನ್ನು. ಝೀರೋ ಮೈಲಿನ ಕುದುರೆಗಳ ಮುಂದೆ ಒಂದು ಫೋಟೊ, ಸೀತಾಬರ್ಡಿ ಕೋಟೆಗೆ ಕೆಳಗಿನಿಂದಲೇ ಕೈ ತೋರಿಸುವುದು, ಮಹಾಲ್ ಕಡೆಗೆ ಒಂದು ಸುತ್ತು, ಫುಟಾಳಾ ಕೆರೆಯ ದಂಡೆಯಲ್ಲಿ ಭೇಳ, ಕೊನೆಗೆ ಸಂತ್ರಾ ಬರ್ಫಿಯ ಡಬ್ಬಿ. ಬೀಗರು ಸಂತೋಷದಿಂದ ಮರಳುತ್ತಾರೆ. ಅವರು ಏನನ್ನು ನೋಡಿದರು ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಸ್ಮಾರಕಗಳನ್ನು ನೋಡುವ ಈ ಕ್ರಮವನ್ನೇ ಕೊಂಚ ವಿಮರ್ಶಿಸಬೇಕೆಂದು ಈ ಬರಹ. ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವವರು ನಮ್ಮ ಮಾಸಿಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಊರಿನ ಕಲ್ಲುಗಳನ್ನೂ ಅವುಗಳ ಸುತ್ತ ಹಬ್ಬಿರುವ ಮಾತುಗಳನ್ನೂ ಅದೇ ನಿಷ್ಠುರತೆಯಿಂದ ಯಾರಾದರೂ ಓದಬೇಡವೆ?

ಹೋದ ಗಣರಾಜ್ಯ ದಿನದಂದು ನಮ್ಮ ಮಾವನವರನ್ನು ಕರೆದುಕೊಂಡು ಹೊರಟೆವು. ಅವರು ಹುಬ್ಬಳ್ಳಿಯ ಕಡೆಯವರು, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಇತಿಹಾಸದ ಮಾಸ್ತರರಿಗೆ ಊರು ತೋರಿಸುವುದೆಂದರೆ ಲೆಕ್ಕ ತನಿಖೆಯವರನ್ನು ನಾವಾಗಿಯೇ ಕಚೇರಿಗೆ ಕರೆತಂದಂತೆ. ಆಟೋ ಬೇಡವೆಂದು ಮೆಟ್ರೋದಲ್ಲಿ ಹೋದೆವು. ಕಿತ್ತಳೆ ಮಾರ್ಗದಲ್ಲಿ ಸಾಲಾಗಿ ಬರುವ ನಾಲ್ಕು ನಿಲ್ದಾಣಗಳೆಂದರೆ ಝೀರೋ ಮೈಲ್, ಸೀತಾಬರ್ಡಿ, ಕಾಂಗ್ರೆಸ್ ನಗರ, ರಹಾಟೆ ಕಾಲನಿ. ಮುಂದೆ ಹೇಳುವ ಸಂಗತಿಗಳೆಲ್ಲ ಈ ನಾಲ್ಕು ನಿಲ್ದಾಣಗಳ ಆಸುಪಾಸಿನವೇ.

ಝೀರೋ ಮೈಲಿನಲ್ಲಿ ನಾವು ಎಂದಿನಂತೆ, "ಇದು ಭಾರತದ ನಟ್ಟನಡುವಿನ ಬಿಂದು" ಎಂದೆವು. ಮಾವನವರು ಕನ್ನಡಕ ಸರಿಪಡಿಸಿಕೊಂಡು, "ಯಾವ ಭಾರತದ್ದು ಅಂತ ಹೇಳ್ರಿ ಮೊದಲ" ಎಂದರು.

ಪ್ರಶ್ನೆ ಸಣ್ಣದಲ್ಲ. ನಾವು ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಅಂಕುಡೊಂಕಾದ ರಟ್ಟಿನ ತುಂಡೊಂದನ್ನು ಗುಂಡುಸೂಜಿಗೆ ತೂಗುಹಾಕಿ, ತೂಕದ ದಾರ ಇಳಿಬಿಟ್ಟು, ಗೆರೆ ಎಳೆದು ಅದರ ಗುರುತ್ವಕೇಂದ್ರವನ್ನು ಹುಡುಕುತ್ತಿದ್ದೆವು. ನಾಡಿನ ನಡುವನ್ನು ಹುಡುಕುವುದೂ ಹೆಚ್ಚು ಕಡಿಮೆ ಅದೇ ಆಟ. ಆದರೆ ರಟ್ಟನ್ನು ಯಾವ ಗಡಿಯಲ್ಲಿ ಕತ್ತರಿಸಬೇಕು? ಇಲ್ಲಿಯ ಬೆಂಚ್ ಮಾರ್ಕ್ 1907ರದು. ಆಗ ಬರ್ಮಾ ದೇಶವೂ ಬ್ರಿಟಿಷ್ ಇಂಡಿಯಾದ ಭಾಗ. ಅದು ಬೇರೆಯಾದದ್ದು 1937ರಲ್ಲಿ. ಬರ್ಮಾವನ್ನು ಸೇರಿಸಿ ರಟ್ಟು ಕತ್ತರಿಸಿದರೆ ನಡು ಪೂರ್ವಕ್ಕೆ ಸರಿಯುತ್ತದೆ. 1947ರ ವಿಭಜನೆಯ ಗೆರೆಯಲ್ಲಿ ಕತ್ತರಿಸಿದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಈಗಿನ ಭಾರತದ ಮಧ್ಯಬಿಂದುವೆಂದು ಮಧ್ಯಪ್ರದೇಶದ ಕಟನಿ ಜಿಲ್ಲೆಯ ಕರೌಂದಿ ಎಂಬ ಹಳ್ಳಿಯನ್ನು ತೋರಿಸುತ್ತಾರೆ. ಹೀಗಿರುವಾಗ ನಾಗಪುರದ ಕಲ್ಲಿಗೆ "ನಟ್ಟನಡು" ಎಂಬ ಪಟ್ಟ ಕಟ್ಟುವುದು ಅಭಿಮಾನದ ಮಾತೇ ಹೊರತು ಅಳತೆಯ ಮಾತಲ್ಲ.

ಹಾಗಾದರೆ ಆ ಕಲ್ಲು ಏನು? ಅದು ಎತ್ತರದ ಗುರುತು. ಮಹಾ ತ್ರಿಕೋನಮಿತಿ ಮೋಜಣಿ ಇಲಾಖೆಯವರು ಸಮುದ್ರಮಟ್ಟದಿಂದ ಹಂತಹಂತವಾಗಿ ಎತ್ತರವನ್ನು ಅಳೆಯುತ್ತ ದೇಶದ ಒಳಗೆ ಬಂದು, ಖಚಿತವಾದ ಎತ್ತರವನ್ನು ಅಲ್ಲಲ್ಲಿ ಕಲ್ಲಿನಲ್ಲಿ ನೆಟ್ಟು ಹೋದರು. ಇಲ್ಲಿ ಕಂಬದ ತುದಿಯ ಎತ್ತರ 1020.171 ಅಡಿ, ಸುಮಾರು 311 ಮೀಟರು. ದಶಮಾಂಶದ ಮೂರನೆಯ ಸ್ಥಾನದವರೆಗೂ ಲೆಕ್ಕ ಕೊಟ್ಟವರ ಶ್ರದ್ಧೆಯನ್ನು ನೋಡಿ! ರೈಲುದಾರಿ ಹಾಕುವವನಿಗೆ, ಕಾಲುವೆ ತೆಗೆಯುವವನಿಗೆ ದೇಶದ ನಡು ಯಾವುದೆಂಬುದು ಬೇಕಾಗಿಲ್ಲ. ನೆಲ ಎಷ್ಟು ಎತ್ತರದಲ್ಲಿದೆ ಎಂಬುದು ಬೇಕು. ಬುಡದ ಷಟ್ಕೋನದ ಮೇಲೆ ಹೈದರಾಬಾದ್, ಜಬಲಪುರ, ಚಾಂದಾ, ಛಿಂದವಾಡಾ ಮೊದಲಾದ ಊರುಗಳ ದೂರವನ್ನು ಮೈಲುಗಳಲ್ಲಿ ಕೆತ್ತಿದ್ದಾರೆ. ಕುದುರೆಗಳು ಆಮೇಲೆ ಬಂದವು. ಗಾರೆಯ ಕುದುರೆಗಳಿಗೂ ಅಳತೆಗೂ ಏನು ಸಂಬಂಧವೆಂದು ನಾವಂತೂ ಊಹಿಸಲಾರೆವು, ಆದರೆ ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅವುಗಳ ಜೊತೆಗೇ.

ನಿಜವಾದ ಕಥೆ ನಮ್ಮ ನಾಡಿನಿಂದಲೇ ಆರಂಭವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಮೈಸೂರು ಸೀಮೆಯನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಹಾಕಿ, 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ತನ್ನ ಮೊದಲ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದ್ರಾಸಿನಿಂದ ಕೆಲಸ ಮತ್ತೆ ದೊಡ್ಡ ಪ್ರಮಾಣದಲ್ಲಿ ಮೊದಲಾಯಿತು. ಅಳೆಯುತ್ತ ಅಳೆಯುತ್ತ ಉತ್ತರಕ್ಕೆ ಬಂದ ಲ್ಯಾಂಬ್ಟನ್, ನಾಗಪುರವನ್ನು ತಲುಪುವ ಮುನ್ನವೇ 1823ರ ಜನವರಿ 20ರಂದು ಹಿಂಗಣಘಾಟದಲ್ಲಿ ತೀರಿಕೊಂಡನು. ಅವನ ಗೋರಿ ಇಲ್ಲಿಂದ ದಕ್ಷಿಣಕ್ಕೆ, ವರ್ಧಾ ಜಿಲ್ಲೆಯ ಆ ಊರಿನಲ್ಲಿದೆ. ಬೆಂಗಳೂರಿನಿಂದ ವಿದರ್ಭಕ್ಕೆ ವರ್ಗವಾಗಿ ಬಂದು ಇಲ್ಲೇ ಮಣ್ಣಾದವರಲ್ಲಿ ಅವನು ಹಳಬನೆನ್ನಬಹುದು. ಇದನ್ನು ಹೇಳಿದಾಗ ಮಕ್ಕಳು ಕುದುರೆಗಳನ್ನು ಬಿಟ್ಟು ಕಲ್ಲಿನ ಹತ್ತಿರ ಬಂದರು. "ನಟ್ಟನಡು" ಎಂದಾಗ ಅವರು ಅತ್ತ ತಿರುಗಿಯೂ ನೋಡಿರಲಿಲ್ಲ.

ಝೀರೋ ಮೈಲಿನ ಹತ್ತಿರವೇ ಇನ್ನೊಂದು ಸ್ಮಾರಕವಿದೆ. ಇಷ್ಟು ವರ್ಷಗಳಲ್ಲಿ ಯಾವ ಬೀಗರಿಗೂ ಅದನ್ನು ನಾವು ತೋರಿಸಿಲ್ಲ. 1994ರ ನವೆಂಬರ್ 23ರಂದು, ವಿಧಾನಸಭೆಯ ಚಳಿಗಾಲದ ಅಧಿವೇಶನಕ್ಕೆ ತಮ್ಮ ಬೇಡಿಕೆ ಮುಟ್ಟಿಸಲು ಬಂದಿದ್ದ ಗೋವಾರಿ ಜನಾಂಗದ ಮೋರ್ಚಾದ ಮೇಲೆ ಪೊಲೀಸರು ಲಾಠಿ ಬೀಸಿದಾಗ ಆದ ಕಾಲ್ತುಳಿತದಲ್ಲಿ 114 ಮಂದಿ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ದನ ಕಾಯುವ ಕಸುಬಿನ ಜನ. ತಮ್ಮನ್ನು ಪರಿಶಿಷ್ಟ ಪಂಗಡವೆಂದು ಗಣಿಸಬೇಕೆಂಬುದು ಅವರ ಬೇಡಿಕೆ. ಸರಕಾರಿ ಪಟ್ಟಿಯಲ್ಲಿರುವುದು "ಗೊಂಡ ಗೋವಾರಿ" ಎಂಬ ಎರಡು ಪದ. ಅದು ಒಂದು ಜನಾಂಗವೋ ಎರಡೋ, ಬರಿಯ ಗೋವಾರಿಗಳು ಅದರಲ್ಲಿ ಸೇರುತ್ತಾರೋ ಇಲ್ಲವೋ ಎಂಬುದೇ ವಾದ. 2018ರಲ್ಲಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕಡತಗಳ ನಡುವೆಯೇ ಬದುಕು ಸವೆಸಿದ ನಮಗೆ ಒಂದು ಅಲ್ಪವಿರಾಮದ ಬೆಲೆ ಏನೆಂದು ಗೊತ್ತಿದೆ ಎಂದುಕೊಂಡಿದ್ದೆವು. ಆ ಸ್ಮಾರಕದ ಮುಂದೆ ನಿಂತಾಗ ಗೊತ್ತಿರಲಿಲ್ಲವೆಂದು ಅರಿವಾಯಿತು. ಪಕ್ಕದ ಮೇಲ್ಸೇತುವೆಗೂ ಆ ಹುತಾತ್ಮರ ಹೆಸರನ್ನೇ ಇಟ್ಟಿದ್ದಾರೆ. ಅದರ ಮೇಲೆ ದಿನವೂ ಓಡಾಡುವ ನಾವು ಅದನ್ನು ಕರೆಯುವುದು ಮಾತ್ರ "ಬರ್ಡಿ ಫ್ಲೈಓವರ್" ಎಂದು.

ಮಾವನವರು ಅಲ್ಲಿ ಬಹಳ ಹೊತ್ತು ನಿಂತರು, ಏನೂ ಮಾತಾಡಲಿಲ್ಲ.

ಇನ್ನು ಕೋಟೆ. ಸೀತಾಬರ್ಡಿಯ ಜೋಡಿ ಗುಡ್ಡಗಳು ಸೈನ್ಯದ ವಶದಲ್ಲಿವೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವುದು ಜನವರಿ 26, ಮೇ 1 ಮತ್ತು ಆಗಸ್ಟ್ 15ರಂದು. ನಾಗಪುರದಲ್ಲಿ ಇಪ್ಪತ್ತು ವರ್ಷವಿದ್ದೂ ಮೇಲೆ ಹತ್ತದವರು ನಮ್ಮಲ್ಲಿ ಎಷ್ಟೋ ಮಂದಿ. 1817ರ ನವೆಂಬರ್ 26 ಮತ್ತು 27ರಂದು ಅಪ್ಪಾಸಾಹೇಬ ಭೋಸಲೆಯ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಇಲ್ಲಿ ಕಾಳಗ ನಡೆಯಿತು. ಕಂಪನಿಯ ಕಡೆ ಕಾದಿದವರಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳಿದ್ದರು. ಗೆದ್ದ ಕಂಪನಿಯವರು ಮುಂದೆ 1854ರಲ್ಲಿ, ಗಂಡುಸಂತಾನವಿಲ್ಲವೆಂಬ ನೆವ ಹೇಳಿ ರಾಜ್ಯವನ್ನೇ ನುಂಗಿದರು. 1911ರಲ್ಲಿ ಐದನೆಯ ಜಾರ್ಜ್ ದೊರೆ ಮತ್ತು ರಾಣಿ ಮೇರಿ ಇಲ್ಲಿಂದ ಜನರಿಗೆ ದರ್ಶನ ಕೊಟ್ಟ ನೆನಪಿಗೂ ಒಂದು ಕಂಬವಿದೆ. ಇಷ್ಟರಲ್ಲಿ ತಕರಾರಿಲ್ಲ.

ತಕರಾರು ಇರುವುದು ಎರಡು ಮಾತುಗಳ ಬಗ್ಗೆ. ಮೊದಲನೆಯದು ನಮ್ಮವರ ಎದೆ ಉಬ್ಬಿಸುವಂಥದು. ಕೋಟೆಯಲ್ಲಿ ನವಗಜಾ ಅಲಿ ಬಾಬಾ ಎಂಬ ಹೆಸರಿನಲ್ಲಿ ಜನ ನಡೆದುಕೊಳ್ಳುವ ಒಂದು ಗೋರಿಯಿದೆ. 1857ರ ದಂಗೆಯ ಕಾಲದಲ್ಲಿ ಎಂಟು ಮಂದಿ ಸಂಗಡಿಗರೊಡನೆ ಗಲ್ಲಿಗೇರಿದ ನವಾಬ್ ಕಾದರ್ ಅಲಿಯ ಗೋರಿ ಅದು, ಅವನು ಟಿಪ್ಪು ಸುಲ್ತಾನನ ಮೊಮ್ಮಗ ಎಂದು ಹೇಳುತ್ತಾರೆ. ಕೇಳಿದ ಕೂಡಲೇ ನಾವು ಮಕ್ಕಳಿಗೆ, "ನೋಡಿ, ನಮ್ಮ ಶ್ರೀರಂಗಪಟ್ಟಣದ ರಕ್ತ ಇಲ್ಲಿ ಹರಿದಿದೆ" ಎಂದುಬಿಟ್ಟೆವು. ಮಾವನವರು ಸುಮ್ಮನಿರಲಿಲ್ಲ. "1806ರಾಗ ವೆಲ್ಲೂರಾಗ ದಂಗೆ ಆದಮ್ಯಾಲ ಟಿಪ್ಪೂನ ಮನಿತನಾನ ಕಲಕತ್ತಾಕ್ಕ ಕಳಿಸಿದ್ರು. ಅಲ್ಲಿಂದ ಈ ಹುಡುಗ ನಾಗಪುರಕ್ಕ ಹ್ಯಾಂಗ ಬಂದ, ಯಾರ ಮಗ, ಅದನ್ನ ಹೇಳ್ರಿ" ಎಂದರು. ನ್ಯಾಯವಾದ ಪ್ರಶ್ನೆ. ಸತ್ತವರ ಶೌರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಗಲ್ಲಿಗೇರುವವನಿಗೆ ದೊಡ್ಡ ತಾತ ಇರಲೇಬೇಕೆಂದಿಲ್ಲ. ಆದರೆ ವಂಶಾವಳಿಯ ಒಂದು ಕೊಂಡಿಯನ್ನೂ ತೋರಿಸದೆ ಟಿಪ್ಪುವಿನ ಹೆಸರನ್ನು ಅಂಟಿಸಿದರೆ, ನಮ್ಮವನೆಂಬ ಕಾರಣಕ್ಕೆ ನಾವು ಒಪ್ಪಿಬಿಡಬಾರದು.

ಎರಡನೆಯ ಮಾತು ಗಾಂಧೀಜಿಯವರದು. 1923ರ ಏಪ್ರಿಲ್ 10ರಿಂದ ಮೇ 15ರವರೆಗೆ ಮಹಾತ್ಮರನ್ನು ಈ ಕೋಟೆಯಲ್ಲಿ ಸೆರೆಯಿಟ್ಟಿದ್ದರೆಂದು ಪ್ರವಾಸಿಗರಿಗಾಗಿ ಬರೆದ ಬರಹಗಳಲ್ಲಿ ಕಾಣುತ್ತದೆ. ನಾವೂ ಹಲವು ಬೀಗರಿಗೆ ಹಾಗೆಯೇ ಹೇಳಿದ್ದೇವೆ. ಆದರೆ ಗಾಂಧೀಜಿಯವರು ಬಂಧನಕ್ಕೊಳಗಾದದ್ದು 1922ರ ಮಾರ್ಚ್ 10ರಂದು. ಆರು ವರ್ಷದ ಶಿಕ್ಷೆಯಾಗಿ ಅವರಿದ್ದದ್ದು ಪುಣೆಯ ಯರವಡಾ ಜೈಲಿನಲ್ಲಿ. 1924ರ ಜನವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಯಿತು. ಫೆಬ್ರವರಿ 5ರಂದು ಬಿಡುಗಡೆಯಾಯಿತು. 1923ರ ಬೇಸಿಗೆಯಲ್ಲಿ ಅವರು ಯರವಡಾದ ಕೈದಿ. ನಾಗಪುರದ ಕೋಟೆಯಲ್ಲಿ ಹೇಗೆ ಇರುತ್ತಾರೆ?

ಈ ತಪ್ಪನ್ನು ಅಷ್ಟು ಬೇಸರದಿಂದ ಹೇಳುವುದಕ್ಕೆ ಕಾರಣವಿದೆ. 1923ರ ಆ ದಿನಗಳಲ್ಲೇ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಚರಕದ ಧ್ವಜ ಹಿಡಿದು ಸಿವಿಲ್ ಲೈನ್ಸ್ ಕಡೆಗೆ ಮೆರವಣಿಗೆ ಹೋಗಕೂಡದೆಂದು ಸರಕಾರ ತಡೆದಿತ್ತು. ದಿನವೂ ಒಂದೊಂದು ತಂಡ ಧ್ವಜ ಹಿಡಿದು ಹೋಗಿ ಬಂಧನಕ್ಕೊಳಗಾಗುತ್ತಿತ್ತು. ಜಮನಾಲಾಲ ಬಜಾಜರು ಮುಂದಾಳಾಗಿದ್ದರು, ಅವರ ಬಂಧನದ ಮೇಲೆ ವಲ್ಲಭಭಾಯಿ ಪಟೇಲರು ಬಂದರು. ದೇಶದ ಎಲ್ಲ ಕಡೆಯಿಂದ ಸ್ವಯಂಸೇವಕರು ಬಂದರು. ಅವರಲ್ಲಿ ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರೂ ಇದ್ದರು. ಹಿಡಿದವರನ್ನು ನಾಗಪುರ ಸೆಂಟ್ರಲ್ ಜೈಲಿಗೆ ಹಾಕಿದರು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರಂತೆ, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಆ ಗಟ್ಟಿತನವನ್ನು ಕಂಡೇ ಕಾಂಗ್ರೆಸ್ಸಿನವರು ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದಲ್ಲಿ, ಹರ್ಡೀಕರರ ಮುಂದಾಳುತನದಲ್ಲಿ ಹಿಂದುಸ್ತಾನಿ ಸೇವಾ ದಳವನ್ನು ಕಟ್ಟಲು ಒಪ್ಪಿದರು. ರಾಷ್ಟ್ರಮಟ್ಟದ ಒಂದು ಸಂಸ್ಥೆ ನಾಗಪುರದ ಜೈಲಿನ ಗೋಡೆಯೊಳಗೆ, ನಮ್ಮ ಹುಬ್ಬಳ್ಳಿಯ ಹುಡುಗರ ಹಟದಿಂದ ಹುಟ್ಟಿತೆಂದರೆ ಹೆಚ್ಚಿನ ಮಾತಲ್ಲ. ಇಂದು ಖಾದಿಯ ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯೂ ಹುಬ್ಬಳ್ಳಿಯಲ್ಲೇ ಇದೆ ಎಂಬುದನ್ನು ಮಾವನವರು ಕೋಟೆಯ ಮೇಲಿನ ಧ್ವಜ ನೋಡುತ್ತ ನೆನಪಿಸಿದರು.

ಈಗ ವಾಚಕರೇ ನೋಡಲಿ. ಗಾಂಧೀಜಿಯವರು ಇಲ್ಲದಿದ್ದ ಕೋಣೆಯನ್ನು ಅವರು ಇಲ್ಲದಿದ್ದ ತಿಂಗಳಿನಲ್ಲಿ ತೋರಿಸುತ್ತ, ಅದೇ ತಿಂಗಳುಗಳಲ್ಲಿ ಅದೇ ಊರಿನಲ್ಲಿ ನಿಜವಾಗಿ ಸೆರೆ ಬಿದ್ದವರನ್ನು ಮರೆತಿದ್ದೇವೆ. ನಮ್ಮ ದೂರು ಇದೊಂದೇ. ದೊಡ್ಡ ಹೆಸರೊಂದನ್ನು ಎರವಲು ತಂದು ನಿಲ್ಲಿಸಿದಾಗ, ಆ ಜಾಗದಲ್ಲಿ ನಿಲ್ಲಬೇಕಾಗಿದ್ದ ಸಣ್ಣ ಹೆಸರುಗಳು ಹೊರಗೆ ಬೀಳುತ್ತವೆ. ಗಾಂಧೀಜಿಯವರಿಗೆ ಇದರಿಂದ ಒಂದು ಕೂದಲೆಳೆಯಷ್ಟೂ ಲಾಭವಿಲ್ಲ. ಹುಬ್ಬಳ್ಳಿಯ ಹುಡುಗರಿಗೆ ಮಾತ್ರ ಪೂರ್ತಿ ನಷ್ಟ.

ಕಾಂಗ್ರೆಸ್ ನಗರ ನಿಲ್ದಾಣದಲ್ಲಿ ನಾವು ಇಳಿಯುವವರಿರಲಿಲ್ಲ. ಮಾವನವರೇ ಇಳಿಸಿದರು. 1920ರ ಡಿಸೆಂಬರಿನ ನಾಗಪುರ ಕಾಂಗ್ರೆಸ್ಸಿನಿಂದ ಈ ಬಡಾವಣೆಗೆ ಹೆಸರು ಬಂತೆಂಬುದು ಇಲ್ಲಿಯ ಹಳಬರ ಮಾತು. ನೋಡಲು ಏನಿದೆ? ಮನೆಗಳು, ದವಾಖಾನೆಗಳು, ಗಿಡಮರಗಳು. ಆದರೆ ಆ ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ವಿಂಗಡಿಸಲು ಒಪ್ಪಿತು. ಅಸಹಕಾರದ ಗೊತ್ತುವಳಿಯ ಅಬ್ಬರದಲ್ಲಿ ಈ ತೀರ್ಮಾನವನ್ನು ಬೇರೆಯವರು ಅಷ್ಟಾಗಿ ನೆನೆಯುವುದಿಲ್ಲ. ನಾವು ನೆನೆಯದಿದ್ದರೆ ಹೇಗೆ? ಅದೇ ವರ್ಷ ಧಾರವಾಡದಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿ, ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನಾಗಪುರಕ್ಕೆ ಹೋಗಬೇಕೆಂದು ನಿಶ್ಚಯಿಸಿತ್ತು. ಎಂಟು ನೂರರಷ್ಟು ಕನ್ನಡಿಗರು ಬಂದರು. ಕರ್ನಾಟಕಕ್ಕೆ ಬೇರೆ ಪ್ರಾಂತ ಸಮಿತಿ ದೊರೆಯಿತು, ಗಂಗಾಧರರಾವ ದೇಶಪಾಂಡೆಯವರು ಅದರ ಮೊದಲ ಅಧ್ಯಕ್ಷರಾದರು. ಮುಂಬಯಿ, ಮದ್ರಾಸು, ಮೈಸೂರು, ನಿಜಾಮರ ರಾಜ್ಯ ಎಂದು ಹರಿದು ಹಂಚಿಹೋಗಿದ್ದ ನಾಡಿಗೆ, ಕಾಗದದ ಮೇಲಾದರೂ ಒಂದೇ ಹೆಸರು ಸಿಕ್ಕದ್ದು ಈ ನಾಗಪುರದಲ್ಲಿ.

"ಎಂಟು ನೂರು ಮಂದಿ ಬಂದು ಹೋದ ಊರಿದು. ನೀವು ಇಲ್ಲೇ ಇದ್ದೀರಿ, ಒಂದ ದಿನಾ ಹೇಳಿಲ್ಲಲ್ರಿ ನಮಗ?" ಎಂದರು ಮಾವನವರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರತಿ ನವೆಂಬರ್ ಒಂದರಂದು ನಾವು ರಾಜ್ಯೋತ್ಸವ ಆಚರಿಸುತ್ತೇವೆ. 1956ರ ಅದೇ ದಿನ ನಮ್ಮ ನಾಡು ಒಂದಾದಾಗ, ಅಲ್ಲಿಯವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ರಾಜಧಾನಿ ಭೋಪಾಲಕ್ಕೆ ಹೋಯಿತು, ವಿದರ್ಭ ಮುಂಬಯಿ ರಾಜ್ಯಕ್ಕೆ ಸೇರಿತು. ನಮ್ಮ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬರುವ ಮರಾಠಿ ಮಿತ್ರರು ಹೂಮಾಲೆ ಹಾಕಿಸಿಕೊಂಡು ನಗುತ್ತ ಕುಳಿತಿರುತ್ತಾರೆ. ಅವರ ಊರಿಗೆ ಅದು ಎಂಥ ದಿನವೆಂದು ವೇದಿಕೆಯ ಮೇಲಿಂದ ಒಮ್ಮೆಯಾದರೂ ನಾವು ಹೇಳಿದ್ದುಂಟೆ?

ರಹಾಟೆ ಕಾಲನಿಯಲ್ಲಿ ಇಳಿದು ಸೆಂಟ್ರಲ್ ಜೈಲಿನ ಗೋಡೆಯ ಪಕ್ಕ ನಡೆದೆವು. ಹುಬ್ಬಳ್ಳಿಯವರನ್ನು ನೆನೆಯುವ ಫಲಕವೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನಾವು ಗೋಡೆಯನ್ನೇ ನೋಡುತ್ತ ನಿಂತದ್ದನ್ನು ಕಂಡು ಪಹರೆಯವನೊಬ್ಬ ಬಂದು, ಒಳಗೆ ಯಾರನ್ನಾದರೂ ಭೇಟಿಯಾಗಬೇಕೇ ಎಂದು ಹಿಂದಿಯಲ್ಲಿ ವಿಚಾರಿಸಿದ. ಮಾವನವರಿಗೆ ಹಿಂದಿ ಅಷ್ಟಕ್ಕಷ್ಟೆ. "ಭೇಟಿ ಆಗೋದಿತ್ತಪಾ, ತಡಾ ಆತು" ಎಂದು ಕನ್ನಡದಲ್ಲೇ ಹೇಳಿ ಮುಂದೆ ನಡೆದರು.

ಅಲ್ಲಿಂದ ದೀಕ್ಷಾಭೂಮಿ ಆಟೋದಲ್ಲಿ ಕೆಲವೇ ನಿಮಿಷ. ಇಲ್ಲಿ ಮಾತ್ರ ವಿಮರ್ಶೆ ಸ್ಮಾರಕದ ಮೇಲಲ್ಲ, ನಮ್ಮ ಮೇಲೆ. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ಡಾ. ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮ ಸ್ವೀಕರಿಸಿದ ಜಾಗ. ಸಾಂಚಿಯ ಮಾದರಿಯ ಸ್ತೂಪ, ಎತ್ತರ 120 ಅಡಿ, ಒಳಗೆ ಟೊಳ್ಳಾಗಿ ಬಯಲಿನಂತೆ ಹರಡಿಕೊಂಡಿದೆ. 2001ರ ಡಿಸೆಂಬರ್ 18ರಂದು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಉದ್ಘಾಟಿಸಿದರು. ಶ್ರೀಲಂಕೆಯ ಅನುರಾಧಪುರದಿಂದ ಭದಂತ ಆನಂದ ಕೌಸಲ್ಯಾಯನರು ತಂದ ಸಸಿಗಳಿಂದ ಬೆಳೆದ ಬೋಧಿವೃಕ್ಷ ಅಂಗಳದಲ್ಲಿದೆ. ಈ ಸ್ಮಾರಕಕ್ಕೆ ಎರವಲು ಹೆಸರು ಬೇಕಾಗಿಲ್ಲ, ಹೆಚ್ಚಿನ ವಿವರಣೆಯೂ ಬೇಕಾಗಿಲ್ಲ. ಬಂದವರು ಏಕೆ ಬಂದೆವೆಂದು ತಿಳಿದೇ ಬರುತ್ತಾರೆ, ಹೋಗುವಾಗ ಪುಸ್ತಕ ಕೊಂಡು ಹೋಗುತ್ತಾರೆ. ನಾಗಪುರದ ಸ್ಮಾರಕಗಳಲ್ಲಿ ನಿಜವಾಗಿ ಜೀವಂತವಾಗಿರುವುದು ಇದೊಂದೇ ಎಂದು ನಮ್ಮ ಅಭಿಪ್ರಾಯ.

ಹೀಗಿದ್ದೂ ಬೀಗರನ್ನು ಕರೆದುಕೊಂಡು ಹೋಗುವಾಗ ಇಲ್ಲಿ ಆಟೋ ನಿಲ್ಲಿಸುವುದಿಲ್ಲ. "ಹೊತ್ತಾಯಿತು" ಎನ್ನುತ್ತೇವೆ, "ಬಿಸಿಲು" ಎನ್ನುತ್ತೇವೆ. ಫುಟಾಳಾದಲ್ಲಿ ಭೇಳ ತಿನ್ನುವುದಕ್ಕೆ ಹೊತ್ತು ಸಿಗುತ್ತದೆ. ನಿಜವಾದ ಕಾರಣ ನಮಗೂ ಗೊತ್ತು, ಇದನ್ನು ಓದುತ್ತಿರುವವರಿಗೂ ಗೊತ್ತು. ಕೆಲವು ವರ್ಷಗಳ ಹಿಂದೆ ದಸರೆಯ ದಿನ ಏನೋ ಕೆಲಸಕ್ಕೆ ಆ ದಾರಿಯಲ್ಲಿ ಹೋಗಿದ್ದೆವು. ಜನಸಾಗರ. ಅದರ ನಡುವೆ ಕಲಬುರ್ಗಿ, ಬೀದರ ಕಡೆಯ ಕನ್ನಡ ಕಿವಿಗೆ ಬಿತ್ತು. ಬಿಳಿಯ ಸೀರೆ ಉಟ್ಟ ಹಿರಿಯ ತಾಯಿಯೊಬ್ಬರು, "ಯಪ್ಪಾ, ನೀರು ಎಲ್ಲಿ ಸಿಗತಾವು?" ಎಂದು ಸಂಗಡಿಗರನ್ನು ಕೇಳುತ್ತಿದ್ದರು. ನಾವು ಕನ್ನಡದಲ್ಲಿ ದಾರಿ ತೋರಿಸಿದಾಗ ಅವರ ಮುಖ ಅರಳಿತು. "ನೀವು ನಮ್ಮೋರೇನು? ಇಲ್ಲೇ ಇರತೀರಿ?" ಎಂದರು. ಅದೇ ಸಂಜೆ ನಮ್ಮ ಬನ್ನಿ ಹಂಚುವ ಕಾರ್ಯಕ್ರಮ ಇತ್ತು. ಊರಿಗೆ ಅಷ್ಟು ಕನ್ನಡಿಗರು ಬಂದಿದ್ದಾರೆಂಬುದು ಅಲ್ಲಿ ಸೇರಿದವರಲ್ಲಿ ಯಾರ ಮಾತಿನಲ್ಲೂ ಬರಲಿಲ್ಲ, ನಮ್ಮ ಮಾತಿನಲ್ಲಿಯೂ ಬರಲಿಲ್ಲ. "ನೀವು ನಮ್ಮೋರೇನು" ಎಂಬ ಪ್ರಶ್ನೆಗೆ ನಾವು "ಹೌದು" ಎಂದಿದ್ದು ನಿಜವೇ ಎಂದು ಆಗಾಗ ಅನುಮಾನ ಬರುತ್ತದೆ.

ಮಹಾಲಿಗೆ ಆ ದಿನ ಹೋಗಲಾಗಲಿಲ್ಲ. ಬಖ್ತ್ ಬುಲಂದ್ ಶಹಾ ಎಂಬ ಗೊಂಡ ದೊರೆ 1702ರಲ್ಲಿ ಕಟ್ಟಿಸಿದ ಊರಿದು, ಭೋಸಲೆಯವರು ಆಮೇಲೆ ಬಂದವರು ಎಂಬುದನ್ನು ಮಾವನವರಿಗೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೇಳಿದೆವು. ಅವರು ಹೋಳಿಗೆ ಬಡಿಸಿಕೊಳ್ಳುತ್ತ, "ಅದನ್ನರ ನೋಡಿ ಹೇಳಾಕತ್ತೀರೋ, ಕೇಳಿ ಹೇಳಾಕತ್ತೀರೋ?" ಎಂದರು.

ಕೊನೆಯದಾಗಿ ಒಂದು ಬಿನ್ನಹ. ಮುಂದಿನ ಜನವರಿ 26ಕ್ಕೆ ಸಂಘದ ವನಭೋಜನವನ್ನು ಒಂದು ವಾರ ಮುಂದೂಡಿ, ಆ ದಿನ ಕೋಟೆ ಹತ್ತಿ ಇಳಿದು, ಮೇಲೆ ಹೇಳಿದ ನಾಲ್ಕು ನಿಲ್ದಾಣಗಳನ್ನು ಮಕ್ಕಳೊಂದಿಗೆ ನೋಡುವ ಏರ್ಪಾಡು ಮಾಡಬಹುದೇ ಎಂದು ಕಾರ್ಯಕಾರಿ ಸಮಿತಿಯವರು ಯೋಚಿಸಲಿ. ಬರುವ ದಸರೆಗೆ ದೀಕ್ಷಾಭೂಮಿಯ ಹತ್ತಿರ ಕನ್ನಡದಲ್ಲಿ ಬೋರ್ಡು ಬರೆದು ಒಂದು ನೀರಿನ ಅರವಟ್ಟಿಗೆ ಇಡುವ ವಿಚಾರಕ್ಕೆ ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಲಿ. ಇನ್ನು ವಾಚಕರಲ್ಲಿ ಕೇಳಿಕೊಳ್ಳುವುದಿಷ್ಟೆ: 1920ರ ಅಧಿವೇಶನಕ್ಕೋ 1923ರ ಸತ್ಯಾಗ್ರಹಕ್ಕೋ ನಾಗಪುರಕ್ಕೆ ಬಂದಿದ್ದವರು ನಿಮ್ಮ ಮನೆತನದಲ್ಲಿ ಯಾರಾದರೂ ಇದ್ದರೆ, ಅವರ ಕಾಗದಪತ್ರ, ಫೋಟೊ, ಕಡೆಗೆ ಅಜ್ಜಿ ಹೇಳಿದ ಮಾತಾದರೂ ಇದ್ದರೆ, ಸಂಪಾದಕರಿಗೆ ಬರೆದು ತಿಳಿಸಿ. ಹುಬ್ಬಳ್ಳಿಯಲ್ಲಿ ಹುಡುಕುವ ಕೆಲಸವನ್ನು ನಮ್ಮ ಮಾವನವರು ಈಗಾಗಲೇ ಹಚ್ಚಿಕೊಂಡಿದ್ದಾರೆ. ಹೋದ ವಾರದ ಕಾಗದದಲ್ಲಿ ಮೂರು ಮನೆಗಳಿಗೆ ಹೋಗಿ ಬಂದ ವರದಿ ಇದೆ.